ರಕ್ತದ ಸತ್ತ್ವ

ಕಾಗವಾಡದಿಂದ ಮಿರಜಿಗೆ ಹೋಗುವ ದಾರಿ ನಮ್ಮ ಸೀಮೆಯ ರೋಗಿಗಳಿಗೆ ಹಳೆಯ ಪರಿಚಯದ್ದು. ವಿಲಿಯಂ ವಾನ್ಲೆಸ್ ಎಂಬ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಅಥಣಿ, ರಾಯಬಾಗ, ಚಿಕ್ಕೋಡಿಗಳ ಜನ ಅತ್ತ ಮುಖ ಮಾಡುತ್ತ ಬಂದಿದ್ದಾರೆ. ಅಂಡಾಶಯದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಲು ಅಕ್ಕನನ್ನು ನಾನು ಕರೆದೊಯ್ದದ್ದೂ ಅದೇ ದಾರಿಯಲ್ಲಿ.

ಅವಳ ಹೊಟ್ಟೆಯಲ್ಲಿ ನೀರು ತುಂಬಿತ್ತು. ಹಿರಿಯರು ಜಲೋದರವೆನ್ನುತ್ತಿದ್ದುದು ಇದನ್ನೇ. ಪಥ್ಯವೆಂದು ತಿಂಗಳಿಡೀ ಗಂಜಿಯನ್ನಷ್ಟೇ ಕೊಟ್ಟಿದ್ದೆವು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಮೂರನೆಯ ದಿನ ಕಾಲುಗಳು ಬಾತವು. “ತಮ್ಮಾ, ಇದೇನು ಹೊಸಾ ಬ್ಯಾನಿ?” ಎಂದಳು ಅಕ್ಕ.

ಹೊಸ ಬೇನೆಯಲ್ಲ. ಯಕೃತ್ತಿನಲ್ಲಿ ಹುಟ್ಟುವ ಆಲ್ಬುಮಿನ್ ಎಂಬ ಸಸಾರಜನಕವು ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ. ಆರೋಗ್ಯವಂತರಲ್ಲಿ ಅದರ ಪ್ರಮಾಣ ಡೆಸಿಲೀಟರಿಗೆ 3.5ರಿಂದ 5 ಗ್ರಾಂ. ಅದು ಇಳಿದರೆ ನೀರು ಹೊರಗೆ ಜಿನುಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಅದು ಒಂದಿಷ್ಟು ಇಳಿಯುವುದು ಸಹಜ. ಯಾರಲ್ಲಿ ಅಪಾಯಕ್ಕೆ ಇಳಿದೀತೆಂಬುದನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು: ಮುಂಚೆಯೇ ಆಲ್ಬುಮಿನ್ ಕಡಿಮೆಯಿದ್ದವರು, ಜಲೋದರವುಳ್ಳವರು, ದೀರ್ಘ ಶಸ್ತ್ರಕ್ರಿಯೆಯಲ್ಲಿ ಹೆಚ್ಚು ರಕ್ತ ಕಳೆದುಕೊಂಡವರು.

ವೈದ್ಯರು ನಮ್ಮನ್ನು ದೂರಲಿಲ್ಲ. ಊಟದ ಕೊರತೆಯೊಂದೇ ಕಾರಣವಲ್ಲ, ರೋಗವೇ ಈ ಸತ್ತ್ವವನ್ನು ಕುಂದಿಸುತ್ತದೆ ಎಂದರು. ಆದರೂ ನನ್ನ ಮನಸ್ಸು ಸಮಾಧಾನಗೊಳ್ಳಲಿಲ್ಲ. ಮೊಸರು, ಬೇಳೆ, ಮೊಳಕೆ ಕಾಳು, ಮನೆಯಲ್ಲಿ ಎಲ್ಲವೂ ಇತ್ತು. ಅಕ್ಕನ ತಾಟಿಗೆ ಮಾತ್ರ ಬಂದಿರಲಿಲ್ಲ.

ಅಕ್ಕ ಚೇತರಿಸಿಕೊಂಡಳು. ಈಗ ನಿಪ್ಪಾಣಿಯ ಕಡೆಯಿಂದ ಯಾರಾದರೂ ಇಂಥ ಚಿಕಿತ್ಸೆಗೆ ಹೊರಟರೆಂದು ಕೇಳಿದರೆ ಇಷ್ಟು ಹೇಳುತ್ತೇನೆ: ರಕ್ತದ ಈ ಲೆಕ್ಕವನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿರಿ, ಪಥ್ಯವನ್ನು ನೀವಾಗಿ ವಿಧಿಸಬೇಡಿರಿ.