ಬೀಸುಕಲ್ಲಿನ ಸಾಕ್ಷಿ

1857ರ ನವೆಂಬರ್ 29ರಂದು ಕಂಪನಿ ಸರ್ಕಾರದ ದಂಡು ಮುಧೋಳ ಸಂಸ್ಥಾನದ ಹಲಗಲಿ ಎಂಬ ಸಣ್ಣ ಊರನ್ನು ಮುತ್ತಿತು. ಮರುದಿನ ಊರಿಗೆ ಬೆಂಕಿ ಬಿತ್ತು. ಸುಮಾರು 100 ಜನ ಸತ್ತರು, 290 ಜನ ಸೆರೆಸಿಕ್ಕರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ನೇಣಿಗೆ ಹಾಕಲಾಯಿತು. ಮುತ್ತಿಗೆ, ಬೆಂಕಿ, ಬಂಧನ, ಗಲ್ಲು ಎಲ್ಲವೂ ಹದಿನಾರು ದಿನದಲ್ಲಿ ಮುಗಿದವು. ಶಿಕ್ಷೆಯಾದದ್ದು ಸುಟ್ಟವರಿಗಲ್ಲ, ಸುಡಿಸಿಕೊಂಡವರಿಗೆ.

ಜಗಳ ಹುಟ್ಟಿದ್ದು ಹತಾರಗಳ ವಿಷಯಕ್ಕೆ. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದ ವರ್ಷ ಸರ್ಕಾರ ನಿಶ್ಶಸ್ತ್ರೀಕರಣ ಕಾಯಿದೆ ತಂದಿತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ, ಇದ್ದದ್ದನ್ನು ತಂದೊಪ್ಪಿಸಬೇಕು ಎಂದಿತು. ಬೇಟೆಯಾಡಿ, ಕಾವಲು ಕಾದು, ದಂಡಿನಲ್ಲಿ ದುಡಿದು ಬದುಕಿದ ಬೇಡರ ಪಾಲಿಗೆ ಕತ್ತಿ, ಬಂದೂಕುಗಳೇ ಹೊಟ್ಟೆಪಾಡು, ಅವೇ ಮರ್ಯಾದೆ. ಹಲಗಲಿಯ ಪೂಜೇರಿ ಹನುಮ, ಬಾಲ, ಜಡಗ, ರಾಮ ಕೂಡಿ ಮಸಲತ್ತು ಮಾಡಿದರು. ಜೀವ ಹೋದರೂ ಹತಾರ ಕೊಡುವುದಿಲ್ಲ ಎಂದು ಗಟ್ಟಿಯಾದರು. ಹತಾರ ಕೇಳಲು ಬಂದ ಕಾರಕೂನನ ಕಪಾಳಕ್ಕೆ ಏಟು ಬಿತ್ತು. ಅಲ್ಲಿಂದ ಮುಂದೆ ಮಾತುಕತೆ ಉಳಿಯಲಿಲ್ಲ.

ಸರ್ಕಾರಿ ದಾಖಲೆಗಳಲ್ಲಿ ಹಲಗಲಿ ಕೆಲವು ಸಾಲುಗಳ ಸಂಗತಿ: ದಂಗೆ ಎದ್ದಿತು, ಅಡಗಿತು, ಇಷ್ಟು ಜನ ಹತರಾದರು. ಉಳಿದದ್ದನ್ನೆಲ್ಲ ಹೇಳುವುದು ಒಂದು ಲಾವಣಿ. ಅದನ್ನು ಕಟ್ಟಿದವನ ಹೆಸರು ಉಳಿದಿಲ್ಲ. ಉಳಿದಿರುವುದು ಕುರ್ತಕೋಟಿಯ ಕಲ್ಮೇಶನ ಅಂಕಿತ ಮಾತ್ರ. ಈ ಅನಾಮಿಕ ಮಾಡಿದ ಒಂದು ಕೆಲಸವನ್ನು ಚರಿತ್ರೆ ಬರೆಯುವವರು ಸಾಕಷ್ಟು ಗಮನಿಸಿಲ್ಲ. ಬೇಡರ ಶೌರ್ಯವನ್ನು, ಸಾಹೇಬರ ಸಿಟ್ಟನ್ನು ಹಾಡಿದ ಮೇಲೆ ಆತ ಊರಿನ ಮನೆಗಳಿಂದ ಏನೇನು ಹೋಯಿತು ಎಂದು ಪಟ್ಟಿ ಮಾಡುತ್ತಾನೆ. ಕೊಡಲಿ, ಕುಡ. ಹಾಲು, ಮೊಸರು, ಬೆಣ್ಣೆ. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ. ಉಂಡ ಗಂಗಾಳ, ನೀರು ಕುಡಿದ ಚರಗಿ. ಹೆಂಗಸರ ಮಂಗಳಸೂತ್ರ. ಕಡೆಗೆ ಬೀಸುಕಲ್ಲು. ಆಯುಧ ವಶಪಡಿಸಿಕೊಳ್ಳಲು ಬಂದ ದಂಡಿಗೆ ಜೀರಿಗೆಯಿಂದ ಏನಾಗಬೇಕಿತ್ತು? ಲಾವಣಿಕಾರ ಆ ಪ್ರಶ್ನೆ ಕೇಳುವುದಿಲ್ಲ, ಪಟ್ಟಿಯನ್ನಷ್ಟೇ ಕೊಡುತ್ತಾನೆ. ಒಳ್ಳೆಯ ಪಂಚನಾಮೆಯೂ ಹಾಗೆಯೇ ಇರುತ್ತದೆ.

ಈ ಹಾಡು ಅಚ್ಚಿಗೆ ಬಂದ ಬಗೆಯೂ ವಿಚಿತ್ರ. ಅದನ್ನು ಸಂಗ್ರಹಿಸಿದವನು ಊರು ಸುಟ್ಟ ಆಳ್ವಿಕೆಯದೇ ಅಧಿಕಾರಿ, ಜಾನ್ ಫೇತ್‌ಫುಲ್ ಫ್ಲೀಟ್. ಕನ್ನಡ ಜಿಲ್ಲೆಗಳ ರಾಜವಂಶಗಳ ಕುರಿತು 1882ರಲ್ಲಿ ಪುಸ್ತಕ ಬರೆದ ಈ ಶಾಸನತಜ್ಞ, ಕಲ್ಲಿನ ಅಕ್ಷರ ಓದುವ ನಡುವೆ ಹಾಡುವವರ ಮಾತನ್ನೂ ಬರೆಸಿಕೊಂಡ. ಸಂಗೊಳ್ಳಿ ರಾಯಣ್ಣ, ಸಂಗ್ಯಾ ಮುಂತಾದ ಲಾವಣಿಗಳ ಜೊತೆಗೆ ಹಲಗಲಿಯ ಲಾವಣಿಯನ್ನೂ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ. ಕನ್ನಡಿಗರು ಫ್ಲೀಟನಿಗೆ ಋಣಿಗಳು, ಸರಿ. ಆದರೆ ಸತ್ತವರ ಕಡೆಯ ಸಾಕ್ಷ್ಯವನ್ನು ಉಳಿಸಿಕೊಳ್ಳಲು ಕೊಂದವರ ಕಚೇರಿಯನ್ನೇ ನೆಚ್ಚಬೇಕಾಯಿತು ಎಂಬುದು ಅಷ್ಟು ಸುಲಭವಾಗಿ ಜೀರ್ಣವಾಗುವ ಮಾತಲ್ಲ. ಮುಂದೆ ಬಿ.ಎಸ್. ಗದ್ದಗಿಮಠರ ಸಂಪಾದನೆಯಿಂದ ಲಾವಣಿ ಶಾಲೆಯ ಪಠ್ಯಕ್ಕೂ ಬಂತು.

ಹಲಗಲಿಯಲ್ಲಿ ನಡೆದದ್ದನ್ನು ಏನೆಂದು ಕರೆಯಬೇಕು? ಪತ್ರಿಕೆಗಳು ‘ನರಮೇಧ’ ಎನ್ನುತ್ತವೆ. ಮೇಧ ಎಂದರೆ ಯಜ್ಞ. ಊರು ಸುಡುವುದಕ್ಕೆ ಹೋಮದ ಹೆಸರು ಹೊಂದುವುದಿಲ್ಲ. ಕಗ್ಗೊಲೆ, ಮಾರಣಹೋಮ, ಹತ್ಯಾಕಾಂಡ ಎಂಬ ಮಾತುಗಳೂ ಹೆಣಗಳ ಸಂಖ್ಯೆಯನ್ನು ಹೇಳುತ್ತವೆಯೇ ಹೊರತು ಉದ್ದೇಶವನ್ನು ಹೇಳುವುದಿಲ್ಲ. ಉದ್ದೇಶವನ್ನು ಹೇಳುವ ಪದ ಹುಟ್ಟಿದ್ದು 1944ರಲ್ಲಿ. ಪೋಲೆಂಡಿನ ಯಹೂದಿ ವಕೀಲ ರಫಾಯೆಲ್ ಲೆಮ್ಕಿನ್ ಕುಲ ಎಂಬ ಅರ್ಥದ ಗ್ರೀಕಿನ ‘ಜೆನೊಸ್’ಗೆ ಕೊಲ್ಲುವುದು ಎಂಬ ಅರ್ಥದ ಲ್ಯಾಟಿನ್ ಪ್ರತ್ಯಯ ಸೇರಿಸಿ ‘ಜೆನೊಸೈಡ್’ ಎಂದ. ಆತನ ಬಂಧುಗಳಲ್ಲಿ 49 ಜನ ನಾಜಿಗಳ ಕೈಯಲ್ಲಿ ಸತ್ತಿದ್ದರು. ಕನ್ನಡದಲ್ಲಿ ಅದು ಜನಾಂಗಹತ್ಯೆ. ನ್ಯೂರೆಂಬರ್ಗ್ ಮೊಕದ್ದಮೆಯ ಆರೋಪಪಟ್ಟಿಯಲ್ಲಿ ಈ ಪದ ಬಂತು, 1946ರ ತೀರ್ಪಿನಲ್ಲಿ ಬರಲಿಲ್ಲ.

ಆ ಕೊರತೆ ತುಂಬಲು ವಿಶ್ವಸಂಸ್ಥೆಯ ಮುಂದೆ ನಿರ್ಣಯ ತಂದ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ಜನಾಂಗಹತ್ಯೆ ಅಂತರರಾಷ್ಟ್ರೀಯ ಅಪರಾಧ ಎಂಬ ಆ ನಿರ್ಣಯ ಅಂಗೀಕಾರವಾದದ್ದು 1946ರ ಡಿಸೆಂಬರ್ 11ರಂದು, ಅಂದರೆ ಮುಧೋಳದಲ್ಲಿ 13 ಜನರನ್ನು ನೇಣಿಗೆ ಹಾಕಿ ಸರಿಯಾಗಿ 89 ವರ್ಷಕ್ಕೆ. 1948ರ ಡಿಸೆಂಬರ್ 9ರಂದು ಒಡಂಬಡಿಕೆ ಸಿದ್ಧವಾಯಿತು. ಭಾರತ ಅದಕ್ಕೆ ಸಹಿ ಹಾಕಿದ್ದು 1949ರ ನವೆಂಬರ್ 29ರಂದು. ಅದು ಹಲಗಲಿಯನ್ನು ಮುತ್ತಿದ ತಾರೀಖು. ಎರಡೂ ಬರಿಯ ಕಾಕತಾಳೀಯ. ಸಹಿ ಹಾಕಿದವರಿಗೆ ಹಲಗಲಿ ನೆನಪಿಗೆ ಬಂದಿರಲಾರದು. ಆದರೂ ಪಂಚಾಂಗ ತಿರುವಿ ಹಾಕುವವರ ಬೆರಳು ಒಂದು ಗಳಿಗೆ ಅಲ್ಲಿ ನಿಲ್ಲುತ್ತದೆ.

ಒಡಂಬಡಿಕೆಯ ವ್ಯಾಖ್ಯೆ ಬಿಗಿಯಾದದ್ದು. ರಾಷ್ಟ್ರೀಯ, ಜನಾಂಗೀಯ, ವರ್ಣದ ಅಥವಾ ಧಾರ್ಮಿಕ ಗುಂಪೊಂದನ್ನು, ಅದು ಆ ಗುಂಪು ಎಂಬ ಕಾರಣಕ್ಕೇ, ಪೂರ್ತಿಯಾಗಿ ಇಲ್ಲವೇ ಭಾಗಶಃ ನಾಶಮಾಡುವ ಉದ್ದೇಶ ಇರಬೇಕು. ಕೊಲ್ಲುವುದು, ತೀವ್ರ ಹಾನಿ ಮಾಡುವುದು, ಬದುಕಲಾರದ ಸ್ಥಿತಿಗೆ ನೂಕುವುದು, ಹೆರಿಗೆ ತಡೆಯುವುದು, ಮಕ್ಕಳನ್ನು ಕಿತ್ತು ಬೇರೆ ಗುಂಪಿಗೆ ಕೊಡುವುದು – ಇವು ಐದು ಕೃತ್ಯಗಳು. 1946ರ ನಿರ್ಣಯದಲ್ಲಿ ರಾಜಕೀಯ ಗುಂಪುಗಳೂ ಇದ್ದವು. ಎರಡು ವರ್ಷದ ಚೌಕಾಸಿಯಲ್ಲಿ, ಸೋವಿಯತ್ ಒಕ್ಕೂಟವೂ ಸೇರಿ ಹಲವು ದೇಶಗಳ ಒತ್ತಾಯಕ್ಕೆ, ಅವು ಬಿದ್ದುಹೋದವು. ಬಂಡುಕೋರರನ್ನು ಕೊಲ್ಲುವ ಹಕ್ಕನ್ನು ಬಿಟ್ಟುಕೊಡಲು ಸರ್ಕಾರಗಳಿಗೆ ಮನಸ್ಸಾಗಲಿಲ್ಲ ಎಂದರೆ ತಪ್ಪಾಗದು.

ಮುಂದಿನ ಸುಮಾರು ಐದು ದಶಕ ಅಂತರರಾಷ್ಟ್ರೀಯ ನ್ಯಾಯಾಲಯಗಳಲ್ಲಿ ಈ ಅಪರಾಧಕ್ಕೆ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ತಪ್ಪಿತಸ್ಥನೆಂಬ ಮೊದಲ ತೀರ್ಪು ಬಂದದ್ದು 1998ರ ಸೆಪ್ಟೆಂಬರ್ 2ರಂದು, ರುವಾಂಡಾದ ತಾಬಾ ಊರಿನ ಮೇಯರ್ ಆಗಿದ್ದ ಜಾನ್ ಪಾಲ್ ಅಕಾಯೆಸು ಮೇಲೆ. ಅತ್ಯಾಚಾರವೂ ಜನಾಂಗಹತ್ಯೆಯ ಸಾಧನವಾಗಬಲ್ಲದು ಎಂದು ಅಲ್ಲಿ ಮೊದಲ ಸಲ ತೀರ್ಮಾನವಾಯಿತು. ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 1995ರ ಜುಲೈಯಲ್ಲಿ ಸುಮಾರು 8,000 ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದು ಹೂಳಿದ್ದರು. ಆ ಗುಂಡಿಗಳನ್ನು ತೋಡಿದಾಗ ಕೆಲವು ಹೆಣಗಳ ಕೈಯಲ್ಲಿ ಸೈಕೋ ಗಡಿಯಾರಗಳಿದ್ದವು. ಕೈ ಆಡಿದರೆ ತಾನಾಗಿ ಕೀಲಿ ತುಂಬಿಕೊಳ್ಳುವ ಗಡಿಯಾರ; ಕೈ ನಿಂತ ಮೇಲೆ ಒಂದೂವರೆ ಎರಡು ದಿನಕ್ಕೆ ಅದೂ ನಿಲ್ಲುತ್ತದೆ. ನಿಂತ ತಾರೀಖಿನಿಂದ ಹಿಂದಕ್ಕೆ ಎಣಿಸಿ ಕೊಲೆಯ ದಿನವನ್ನು ಅಂದಾಜು ಮಾಡಿದರು. ಈ ಕೊಲೆಗಳಿಗಾಗಿ ಬೋಸ್ನಿಯಾದ ಸರ್ಬ್ ಸೇನೆಯ ಜನರಲ್ ಕ್ರಿಸ್ತಿಚ್‌ಗೆ 2001ರಲ್ಲಿ ಶಿಕ್ಷೆಯಾಯಿತು. ಬೀಸುಕಲ್ಲನ್ನು ಪಟ್ಟಿಗೆ ಸೇರಿಸಿದ ಲಾವಣಿಕಾರನಿಗೆ ಈ ಸಾಕ್ಷ್ಯದ ಬೆಲೆ ತಿಳಿಯುತ್ತಿತ್ತು.

ಈ ಅಳತೆಗೋಲು ಹಿಡಿದರೆ ಹಲಗಲಿ ಜನಾಂಗಹತ್ಯೆ ಆಗುವುದು ಕಷ್ಟ. ಸತ್ತವರು ಬೇಡರು ನಿಜ, ಆದರೆ ಬೇಡರೆಂಬ ಕಾರಣಕ್ಕೇ ಕೊಂದರು ಎಂದು ತೋರಿಸುವುದು ಸುಲಭವಲ್ಲ. ಹತಾರ ಕೊಡದವರನ್ನು ದಂಡಿಸಿ ಸುತ್ತಲಿನ ಊರುಗಳಿಗೆ ಹೆದರಿಕೆ ಹುಟ್ಟಿಸುವುದು ಸರ್ಕಾರದ ಲೆಕ್ಕ. 13 ಜನರನ್ನು ಹಳ್ಳಿಯಲ್ಲಲ್ಲ, ಸಂಸ್ಥಾನದ ಪೇಟೆಯಲ್ಲಿ ನೇಣಿಗೆ ಹಾಕಿದ್ದೂ ಅದನ್ನೇ ಸೂಚಿಸುತ್ತದೆ. ನಾಗರಿಕರ ಮೇಲೆ ನಡೆಯುವ ವ್ಯಾಪಕ ಅಥವಾ ವ್ಯವಸ್ಥಿತ ದಾಳಿಗೆ 1998ರ ರೋಮ್ ಶಾಸನ ಕೊಟ್ಟ ಹೆಸರು ಮಾನವತೆಯ ವಿರುದ್ಧದ ಅಪರಾಧ; ಹಲಗಲಿ ಅದಕ್ಕೆ ಹೆಚ್ಚು ಹತ್ತಿರ. ಜನಾಂಗಹತ್ಯೆ ಅಲ್ಲ ಎಂದ ಮಾತ್ರಕ್ಕೆ ಅಪರಾಧ ಸಣ್ಣದಾಗುವುದಿಲ್ಲ ಎಂಬುದನ್ನು ಪದಕ್ಕಾಗಿ ಜಗ್ಗಾಡುವವರು ಮರೆಯುತ್ತಾರೆ.

ಭಾರತ ರೋಮ್ ಶಾಸನಕ್ಕೆ ಸಹಿ ಹಾಕಿಲ್ಲ. ಜನಾಂಗಹತ್ಯೆಯ ಒಡಂಬಡಿಕೆಯನ್ನು 1959ರ ಆಗಸ್ಟ್ 27ರಂದು ಸ್ಥಿರೀಕರಿಸಿತಾದರೂ ಅದಕ್ಕೆ ತಕ್ಕ ಕಾನೂನನ್ನು ಮಾಡಲಿಲ್ಲ. 1984ರ ಸಿಖ್ಖರ ಕೊಲೆಗಳ ಪ್ರಕರಣದಲ್ಲಿ 2018ರ ಡಿಸೆಂಬರ್ 17ರಂದು ತೀರ್ಪು ಕೊಟ್ಟ ದೆಹಲಿ ಹೈಕೋರ್ಟ್, ಈ ಎರಡೂ ಅಪರಾಧಗಳು ದೇಶದ ಕಾನೂನಿನಲ್ಲಿ ಇಲ್ಲದಿರುವುದು ತುರ್ತಾಗಿ ಮುಚ್ಚಬೇಕಾದ ಲೋಪ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅವಕ್ಕೆ ಕಲಮು ಇಲ್ಲ. ಹಲಗಲಿಯಂಥದ್ದು ಇಂದು ನಡೆದರೆ ಕೊಲೆ, ಬೆಂಕಿ ಇಡುವುದು, ದರೋಡೆ ಎಂದು ಬಿಡಿಬಿಡಿಯಾಗಿ ದೂರು ಬರೆಸಬೇಕು. ಆರೋಪಿಗಳು ಕರ್ತವ್ಯದ ಮೇಲಿದ್ದ ಸರ್ಕಾರಿ ಅಧಿಕಾರಿಗಳಾದರೆ ಮೊಕದ್ದಮೆ ನಡೆಸಲು ಮೊದಲು ಸರ್ಕಾರದ ಮಂಜೂರಾತಿ ಪಡೆಯಬೇಕು.