ವೀರೇಶ್ವರ ಪುಣ್ಯಾಶ್ರಮ: ಅಂಧರು ಕಟ್ಟಿ ಬೆಳೆಸಿದ ಸಂಗೀತಶಾಲೆ

ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧರಿಗೆ, ಅಂಗವಿಕಲರಿಗೆ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ, ಆಸರೆ ಕೊಟ್ಟು ಸಂಗೀತ ಕಲಿಸುವ ಸಂಸ್ಥೆ. ಇಲ್ಲಿ ಶುಲ್ಕವಿಲ್ಲ, ಜಾತಿ ಕೇಳುವ ಪದ್ಧತಿಯಿಲ್ಲ. ಇದನ್ನು ಕಟ್ಟಿದವರು ಪಂಚಾಕ್ಷರ ಗವಾಯಿಗಳು, ಬೆಳೆಸಿದವರು ಪುಟ್ಟರಾಜ ಗವಾಯಿಗಳು. ಇಬ್ಬರೂ ಅಂಧರು. ಅಂಗವಿಕಲರಿಗಾಗಿ ಬೇರೆಯವರು ನಡೆಸುವ ಸಂಸ್ಥೆಗಳು ನಾಡಿನಲ್ಲಿ ಸಾಕಷ್ಟಿವೆ. ಅಂಧರೇ ಗುರುಗಳಾಗಿ ಕೂತು, ಕಣ್ಣಿದ್ದವರೂ ಅವರ ಪಾದದ ಬಳಿ ಕಲಿತು ಹೋಗುವ ಜಾಗಗಳು ಬಲು ಕಡಿಮೆ.

ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ಕಣ್ಣು ಕಾಣುತ್ತಿರಲಿಲ್ಲ. ಬಡ ಮನೆಯ ಈ ಇಬ್ಬರು ಹುಡುಗರ ಕಂಠ ಗುರುತಿಸಿ ಕರೆದೊಯ್ದವರು ಹಾನಗಲ್ಲ ಕುಮಾರ ಸ್ವಾಮಿಗಳು. ಬಾದಾಮಿ ಬಳಿ ಶಿವಯೋಗಮಂದಿರ ಸ್ಥಾಪಿಸಿದವರೂ ಅವರೇ. ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು, ಆಮೇಲೆ ಹಿಂದುಸ್ತಾನಿಯನ್ನೂ ಕೈವಶ ಮಾಡಿಕೊಂಡರು. ಎರಡೂ ಪದ್ಧತಿಗಳನ್ನು ಸರಾಗವಾಗಿ ಹಾಡಬಲ್ಲವರು ಆಗಲೂ ಕಡಿಮೆ, ಈಗಲೂ ಕಡಿಮೆ.

ಅವರ ಶಾಲೆಗೆ ಬಹುಕಾಲ ಕಟ್ಟಡವೇ ಇರಲಿಲ್ಲ. ಶಿಷ್ಯರನ್ನು, ವಾದ್ಯಗಳನ್ನು, ಪಾತ್ರೆಪಡಗಗಳನ್ನು ಹೊತ್ತು ಊರಿಂದೂರಿಗೆ ಸಾಗುವ ಸಂಚಾರಿ ಪಾಠಶಾಲೆ ಅದು. ಒಂದು ಊರಿನವರು ಕಾಳುಕಡಿ ಕೊಟ್ಟರೆ ಅಲ್ಲಿ ಬೀಡು. ಸಂಜೆ ಹಾಡಿಕೆ, ಬೆಳಿಗ್ಗೆ ಪಾಠ. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೇ ವರ್ಷದ ಉತ್ಸವ ನಡೆದಾಗ ಶಿಷ್ಯ ಬಸವರಾಜ ರಾಜಗುರು ಹಾಡಿದರು, ತಬಲಾ ಸಾಥಿಗೆ ಕೂತವರು ಸ್ವತಃ ಗುರುಗಳು. ಹುಡುಗನನ್ನು ಮುಂದೆ ಕೂರಿಸಿ ತಾವು ಪಕ್ಕಕ್ಕೆ ಸರಿದ ಆ ರೀತಿಯಲ್ಲಿ ಈ ಶಾಲೆಯ ಸ್ವಭಾವ ಇಡಿಯಾಗಿ ಕಾಣುತ್ತದೆ.

1940ರ ದಶಕದ ಆರಂಭದಲ್ಲಿ ಶಾಲೆ ಗದಗಿನಲ್ಲಿ ನೆಲೆಯೂರಿತು. ಜಾಗಕ್ಕೆ ಆಸರೆಯಾದ ಬಸರಿಗಿಡದ ವೀರಪ್ಪನವರ ಹೆಸರೇ ಆಶ್ರಮಕ್ಕೆ ಬಂತು. 1944ರ ಜೂನ್‌ನಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡಾಗ ಹೊಣೆ ಹೊತ್ತ ಪುಟ್ಟರಾಜರಿಗೆ ಮೂವತ್ತು ವರ್ಷ. 1914ರಲ್ಲಿ ಹುಟ್ಟಿದ ಅವರು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದರು. ಹೊಣೆ ಹೊತ್ತಲ್ಲಿಂದ 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಳ್ಳುವವರೆಗೆ, ಅರವತ್ತಾರು ವರ್ಷ, ಆಶ್ರಮವೆಂದರೆ ಅವರೇ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಹೀಗೆ ಹಲವು ವಾದ್ಯಗಳನ್ನು ನುಡಿಸುತ್ತಿದ್ದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಪುಸ್ತಕ ಬರೆದರು. ಪದ್ಮಭೂಷಣ ಬಂದದ್ದು ಕೊನೆಯ ವರ್ಷದಲ್ಲಿ.

ಕಣ್ಣು ಕಾಣದವರಿಗೆ ವಾದ್ಯ ಕಲಿಸುವುದು ಹೇಗೆ? ಹಾರ್ಮೋನಿಯಂನ ಬಿಳಿ ಮನೆಗಳ ಮೇಲೆ ಬೆರಳಾಡಿಸಿದರೆ ಗುರುತು ಸಿಗದು, ಎಲ್ಲ ಒಂದೇ ನುಣುಪು. ಎದ್ದು ನಿಂತ ಕರಿ ಮನೆಗಳು ಮಾತ್ರ ಎರಡರ ಗುಂಪು, ಮೂರರ ಗುಂಪಾಗಿ ಜೋಡಿಸಿಕೊಂಡಿವೆ. ಬೆರಳು ಆ ಗುಂಪುಗಳನ್ನು ಎಣಿಸಿ ಷಡ್ಜದ ಮನೆ ಹುಡುಕಿಕೊಳ್ಳುತ್ತದೆ. ಒಮ್ಮೆ ಕೈಗೆ ಸಿಕ್ಕಿದರೆ ಮತ್ತೆ ತಪ್ಪುವುದಿಲ್ಲ. ತಬಲಾದಲ್ಲಿ ನಡುವಿನ ಕರಣೆಯ ಒರಟೂ ಅದರ ಸುತ್ತಲಿನ ಚರ್ಮದ ನಯವೂ ಬೆರಳತುದಿಗೆ ಬೇರೆಬೇರೆಯಾಗಿ ತಿಳಿಯುತ್ತವೆ. ಗುರು ಶಿಷ್ಯನ ಕೈ ಹಿಡಿದು ಅಂಚಿಗೆ ಇಟ್ಟು ‘ನಾ’ ಹೊಡೆಸುತ್ತಾರೆ, ಕರಣೆಯ ಮೇಲಿಟ್ಟು ‘ತಿಟ’ ನುಡಿಸುತ್ತಾರೆ. ಬಂದಿಶ್‌ನ ಸಾಹಿತ್ಯ ಬರೆದಿಟ್ಟುಕೊಳ್ಳಲು ಬ್ರೈಲ್ ಇದೆ. ರಾಗ ಮಾತ್ರ ಬಾಯಿಂದ ಕಿವಿಗೇ ದಾಟಬೇಕು, ಅದು ಕಣ್ಣಿದ್ದವರಿಗೂ ಹಾಗೆಯೇ. ವಾದ್ಯ ಶ್ರುತಿ ಮಾಡುವಲ್ಲಂತೂ ಕಣ್ಣಿಗೆ ಕೆಲಸವೇ ಇಲ್ಲ.

ತೊಡಕು ಬರುವುದು ವೇದಿಕೆಯಲ್ಲಿ. ಹಾಡುಗಾರ ಮತ್ತು ತಬಲಾದವರು ಸಮ್, ಅಂದರೆ ತಾಳದ ಮೊದಲ ಮಾತ್ರೆ, ಹತ್ತಿರವಾದಾಗ ಕಣ್ಸನ್ನೆ ಮಾಡಿಕೊಳ್ಳುವುದು ಹಿಂದುಸ್ತಾನಿ ಕಛೇರಿಯ ರೂಢಿ. ಅಂಧ ಕಲಾವಿದನಿಗೆ ಆ ಸೌಲಭ್ಯವಿಲ್ಲ. ಠೇಕಾದ ಒಂದೊಂದು ಮಾತ್ರೆಯನ್ನೂ ಒಳಗೇ ಎಣಿಸುತ್ತಿರಬೇಕು. ಹೀಗೆ ಪಳಗಿದವರ ಲಯ ಗಟ್ಟಿಯಾಗಿರುವುದರಲ್ಲಿ ಪವಾಡವೇನಿಲ್ಲ, ಅದು ವರ್ಷಗಟ್ಟಲೆಯ ರಿಯಾಜಿನ ಫಲ.

ಆಶ್ರಮ ಉಳಿದದ್ದಕ್ಕೆ ಭಕ್ತಿಯಷ್ಟೇ ಕಾರಣವಲ್ಲ. ಕಲಿತವರಿಗೆ ಕೆಲಸ ಎಲ್ಲಿ ಸಿಗುತ್ತದೆ ಎಂಬ ಲೆಕ್ಕ ಮೊದಲಿನಿಂದಲೂ ಇಲ್ಲಿತ್ತು. ಉತ್ತರ ಕರ್ನಾಟಕದಲ್ಲಿ ಶ್ರಾವಣ ಬಂತೆಂದರೆ ಊರೂರಿನ ಮಠ, ಗುಡಿಗಳಲ್ಲಿ ತಿಂಗಳಿಡೀ ಪುರಾಣ. ಪುರಾಣ ಹೇಳುವವರೊಬ್ಬರು, ನಡುನಡುವೆ ಹಾಡಲು ಒಬ್ಬ ಗವಾಯಿ, ಸಾಥಿಗೆ ಒಬ್ಬ ತಬಲಾದವರು. ಈ ಮೂವರ ತಂಡವಿಲ್ಲದೆ ಪುರಾಣ ಏಳುವುದಿಲ್ಲ. ಪುಣ್ಯಾಶ್ರಮದಲ್ಲಿ ಕಲಿತವರಿಗೆ ಇದು ದೊಡ್ಡ ಆಸರೆ. ಅದರಾಚೆಗೆ ಶಾಲೆಗಳ ಸಂಗೀತ ಶಿಕ್ಷಕ ಹುದ್ದೆ, ಆಕಾಶವಾಣಿ, ಭಜನೆ, ಮನೆಪಾಠ. ಪುಟ್ಟರಾಜರು ಆಶ್ರಮದ್ದೇ ಆದ ನಾಟಕ ಕಂಪನಿಯನ್ನೂ ನಡೆಸಿ, ಅದಕ್ಕೆ ತಾವೇ ನಾಟಕ ಬರೆದರು. ಟಿಕೆಟ್ಟಿನ ಹಣ ಅಡುಗೆಮನೆಗೆ ಹೋಗುತ್ತಿತ್ತು. ಮುಂದೆ ಭಕ್ತರು ಅವರಿಗೆ ಸಾವಿರಕ್ಕೂ ಹೆಚ್ಚು ಸಲ ನಾಣ್ಯಗಳಿಂದ ತುಲಾಭಾರ ಮಾಡಿದರು. ಆ ದುಡ್ಡೂ ದಾಸೋಹಕ್ಕೇ.

ಇಲ್ಲಿ ಕಲಿತು ಹೆಸರಾದವರಲ್ಲಿ ಕಣ್ಣಿದ್ದವರೂ ಹಲವರು. ಸಿದ್ಧರಾಮ ಜಂಬಲದಿನ್ನಿ, ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು. ಬಳ್ಳಾರಿ ಕಡೆಯಿಂದ ಹುಡುಗನಾಗಿ ಬಂದ ಎಂ. ವೆಂಕಟೇಶಕುಮಾರ್ ಹನ್ನೆರಡು ವರ್ಷ ಪುಟ್ಟರಾಜರ ಬಳಿ ಇದ್ದರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಂಚಾಕ್ಷರ ಗವಾಯಿಗಳ ಬದುಕನ್ನು ಆಧರಿಸಿದ 1995ರ ಚಲನಚಿತ್ರ, ಸಂಗೀತ ನಿರ್ದೇಶಕ ಹಂಸಲೇಖ ಹಾಗೂ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು.

ವಯಸ್ಕ ಅಂಗವಿಕಲರಿಗೆ ಕಲೆಯ ಜಾಗ ಬೇಕೆಂಬ ಮಾತು ಪಶ್ಚಿಮದಲ್ಲಿ ಬಲವಾಗಿ ಕೇಳಿಸಿದ್ದು 1970ರ ದಶಕದಲ್ಲಿ. ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ 1974ರಲ್ಲಿ ಎಲಿಯಾಸ್ ಕಾಟ್ಜ್, ಫ್ಲಾರೆನ್ಸ್ ಲುಡಿನ್ಸ್-ಕಾಟ್ಜ್ ದಂಪತಿ ತಮ್ಮ ಮನೆಯ ಗ್ಯಾರೇಜಿನಲ್ಲೇ ‘ಕ್ರಿಯೇಟಿವ್ ಗ್ರೋತ್’ ಎಂಬ ಚಿತ್ರಶಾಲೆ ತೆರೆದರು. ಅಲ್ಲಿಗೆ 1987ರಲ್ಲಿ ಬಂದ ಜುಡಿತ್ ಸ್ಕಾಟ್ ಕಿವಿ ಕೇಳದ, ಡೌನ್ ಸಿಂಡ್ರೋಮ್ ಇದ್ದ ಮಹಿಳೆ; ಮೂರು ದಶಕಕ್ಕೂ ಹೆಚ್ಚು ಕಾಲ ಆಶ್ರಯಧಾಮಗಳಲ್ಲೇ ಕಳೆದಿದ್ದವರು. ಮೊದಮೊದಲು ಯಾವುದರಲ್ಲೂ ಮನಸ್ಸಿಡದ ಅವರು ನೂಲು ಕೈಗೆ ಸಿಕ್ಕ ಮೇಲೆ ವಸ್ತುಗಳಿಗೆ ಅದನ್ನು ಸುತ್ತಿಸುತ್ತಿ ಶಿಲ್ಪ ಮಾಡಿದರು. ಅವು ಇಂದು ದೊಡ್ಡ ಕಲಾಸಂಗ್ರಹಾಲಯಗಳಲ್ಲಿವೆ. ಚಿಕಿತ್ಸೆಯಲ್ಲ, ಕಲೆಯೇ ಗುರಿ ಎಂಬಲ್ಲಿ ಓಕ್‌ಲ್ಯಾಂಡ್ ಮತ್ತು ಗದಗ ಒಂದಾಗುತ್ತವೆ. ಆದರೆ ಅದು ದಿನವೂ ಬಂದು ಹೋಗುವ ಶಾಲೆ, ಇದು ಉಳಿದು ಕಲಿಯುವ ಶಾಲೆ. ದಿನವೂ ಬಂದು ಹೋಗುವುದು ಎಲ್ಲ ಕಡೆ ಆಗದು. ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತೋಟದ ನಡುವೆ ಒಂಟಿ ಮನೆ, ಮಳೆಗಾಲದಲ್ಲಿ ಬಸ್ಸು ಹಿಡಿಯುವುದೇ ಸಾಹಸ. ಅಂಥಲ್ಲಿನ ವಿಕಲಚೇತನರಿಗೆ ಹೊಂದುವುದು ಗದಗಿನ ಬಗೆಯೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವಿಕಲ ಕಲಾವಿದರಿಗೆ, ಬರಹಗಾರರಿಗೆ ನೆರವು ಮತ್ತು ಪ್ರಾಯೋಜಕತ್ವ ಒದಗಿಸುವುದನ್ನು ಸರ್ಕಾರದ ಕರ್ತವ್ಯವಾಗಿಸಿದೆ. ಕಲಾ ಪಠ್ಯಗಳನ್ನು ಅವರಿಗೆ ಒಗ್ಗುವಂತೆ ಬದಲಿಸಬೇಕೆಂದೂ ಹೇಳುತ್ತದೆ. ಕಾಯ್ದೆಗೆ ದಶಕಗಳ ಮೊದಲೇ ಈ ಹಾದಿ ಹಿಡಿದ ಪುಣ್ಯಾಶ್ರಮವನ್ನು ಪುಟ್ಟರಾಜರ ನಂತರ ಕಲ್ಲಯ್ಯಜ್ಜನವರು ಮುನ್ನಡೆಸುತ್ತಿದ್ದಾರೆ. ಗುರುಗಳ ಪುಣ್ಯಸ್ಮರಣೆಯಲ್ಲಿ ನಡೆಯುವ ಅಹೋರಾತ್ರಿ ಸಂಗೀತಕ್ಕೆ ನಾಡಿನ ಬೇರೆಬೇರೆ ಕಡೆ ಚದುರಿರುವ ಹಳೆಯ ಶಿಷ್ಯರು ಬಂದು ಸೇವೆ ಸಲ್ಲಿಸುತ್ತಾರೆ. ಹೆಸರಾಂತ ಗಾಯಕರು ಹಾಡುವ ಅದೇ ವೇದಿಕೆಯಲ್ಲಿ ಇನ್ನೂ ಕಲಿಯುತ್ತಿರುವ ಹುಡುಗರೂ ಹಾಡುತ್ತಾರೆ.