ಹಿತ್ತಾಳೆ ನಟ್ಟಿನ ಮೇಲೆ ಯಾಕಿಷ್ಟು ತಾತ್ಸಾರ?

ಹಳೇ ಕಾರಿನ ಎಂಜಿನ್ ಬಿಚ್ಚಿ ಜೋಡಿಸುವವರ ನಡುವೆ ಒಂದು ಮಾತು ಮಂತ್ರದಂತೆ ಓಡಾಡುತ್ತಿದೆ. "ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹಿತ್ತಾಳೆ ನಟ್ಟು ತೆಗೆದು ಬಿಸಾಕಿ, ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ, ಆಮೇಲೆ ಜನ್ಮದಲ್ಲಿ ಆ ಕಡೆ ನೋಡೋದೇ ಬೇಡ." ಊಟಿಯಲ್ಲೂ ಇದೇ ಮಾತು, ಕುಂದೆ ಸೀಮೆಯ ಟೀ ಎಸ್ಟೇಟುಗಳ ಶೆಡ್ಡಿನಲ್ಲೂ ಇದೇ ಮಾತು, ಮೈಸೂರಿಗೆ ಇಳಿದರೂ ಇದೇ. ಕೇಳಿ ಕೇಳಿ ಕಿವಿ ತೂತಾಗಿದೆ. ಮಾತಿನ ಕೊನೆಯ ಭಾಗ ಮಾತ್ರ ನಿಜ: ಆ ಕಡೆ ನೋಡೋದು ಬೇಡವೇ ಬೇಡ, ಯಾಕೆಂದರೆ ಮತ್ತೆ ಬಿಚ್ಚಲು ಆಗುವುದಿಲ್ಲ.

ನಾನು ಹೇಳುತ್ತಿರುವುದು ಮುಖ್ಯವಾಗಿ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ ಬಗ್ಗೆ. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು 1489 ಸಿಸಿಯ ಈ ಎಂಜಿನ್. 1962ರ ಎಂಜಿಬಿಗೆ ಅದನ್ನೇ 1798 ಸಿಸಿಗೆ ಹಿಗ್ಗಿಸಿದರು. ನಮ್ಮ ಅಂಬಾಸಡರ್ ದಶಕಗಟ್ಟಲೆ ಓಡಿದ್ದೂ ಇದೇ 1489 ಸಿಸಿ ಎಂಜಿನ್ನಿನ ಮೇಲೆ. ಹಾಗಾಗಿ ಅಂಬಾಸಡರ್ ಕೈಯಲ್ಲಿ ಪಳಗಿದ ಮೇಸ್ತ್ರಿಗೆ ಎಂಜಿಬಿ ಏನೂ ಪರದೇಶಿ ದೇವರಲ್ಲ. ಕಾರಿನ ಮಾಲೀಕರೇ ಅದನ್ನು ದೇವರು ಮಾಡಿ, ಮೇಸ್ತ್ರಿಯ ಮಾತು ಬಿಟ್ಟು ವಿಡಿಯೊ ಪ್ರವಚನ ಕೇಳುತ್ತಾರೆ.

ಹಿತ್ತಾಳೆಯ ಮೇಲಿನ ಮೊದಲ ಆರೋಪ, ಅದು ಕರಗುತ್ತದೆ ಅನ್ನುವುದು. ಹಿತ್ತಾಳೆ ಕರಗಲು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ನಟ್ಟು ಕೂತಿರುವ ಜಾಗದಲ್ಲಿ ಅಷ್ಟು ಬಿಸಿ ಬಂದರೆ ನಟ್ಟಿನ ಚಿಂತೆ ಬಿಡಿ, ಕಾರಿನಿಂದ ಇಳಿದು ಓಡಿ. ಎರಡನೆಯದು, ಅದು ಮೆದು. ಮೆದು ನಿಜ. ಮೆದುವಾಗಿರಲಿ ಎಂದೇ ಅದನ್ನು ಅಲ್ಲಿ ಹಾಕಿದ್ದು! ಅತಿಯಾಗಿ ತಿರುಪಿದರೆ ಮೊದಲು ಥ್ರೆಡ್ ಕಳೆದುಕೊಳ್ಳಬೇಕಾದದ್ದು ಕೆಲವೇ ರೂಪಾಯಿಯ ನಟ್ಟು; ಸ್ಟಡ್ಡೂ ಅಲ್ಲ, ಸಿಲಿಂಡರ್ ಹೆಡ್ಡಂತೂ ಅಲ್ಲವೇ ಅಲ್ಲ. ಮ್ಯಾನಿಫೋಲ್ಡ್ ನಟ್ಟಿಗೆ ಬೇಕಾದ ಬಿಗಿ ಸುಮಾರು 15 ಪೌಂಡ್-ಅಡಿ, ಅಂದರೆ 20 ನ್ಯೂಟನ್ ಮೀಟರ್. ಹೆಡ್ ನಟ್ಟಿನ ಬಿಗಿಯ ಮೂರನೇ ಒಂದು ಪಾಲು. ಅದನ್ನು ಹಿತ್ತಾಳೆ ಆರಾಮಾಗಿ ತಡೆಯುತ್ತದೆ.

ಉಕ್ಕಿನ ನಟ್ಟು ಹಾಕಿದ ಎಂಜಿನ್ನನ್ನು ಹತ್ತು ವರ್ಷದ ನಂತರ ಬಿಚ್ಚಿ ನೋಡಿ. ಊಟಿ ಹತ್ತಿರದ ಅವಲಾಂಚಿಯಲ್ಲಿ 2019ರ ಆಗಸ್ಟಿನಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ಸುರಿದ ಸೀಮೆ ಇದು. ಮಳೆ ಇಲ್ಲದ ದಿನ ಮಂಜು. ಬಿಸಿಯಾಗಿ ತಣ್ಣಗಾಗುವ ಕಬ್ಬಿಣದ ಮೇಲೆ ದಿನವೂ ತೇವ ಕೂರುತ್ತದೆ. ಸ್ಟಡ್ಡಿನ ನಡುಭಾಗ ತುಕ್ಕು ತಿಂದು ಸಣಕಲಾಗಿರುತ್ತದೆ, ನಟ್ಟಿನ ಆರು ಮೂಲೆ ಉರುಟಾಗಿ ಸ್ಪ್ಯಾನರ್ ಜಾರುತ್ತದೆ. ಕೊನೆಗೆ ಪೈಪ್ ತೂರಿಸಿ ಎಳೆದಾಗ ನಟ್ಟು ತಿರುಗಿತು ಅಂತ ಅರೆಗಳಿಗೆ ಖುಷಿ. ತಿರುಗಿದ್ದು ನಟ್ಟಲ್ಲ, ಸ್ಟಡ್ಡು ಹೆಡ್ಡಿನ ಮಟ್ಟಕ್ಕೆ ಮುರಿದಿರುತ್ತದೆ. ಆಮೇಲೆ ಡ್ರಿಲ್ ಹಾಕಬೇಕು. ಗಟ್ಟಿ ಸ್ಟಡ್ಡಿನ ಮೇಲೆ ಡ್ರಿಲ್ ಬಿಟ್ ಜಾರಿ ಪಕ್ಕದ ಬೀಡುಕಬ್ಬಿಣವನ್ನು ಕೊರೆಯುತ್ತದೆ. ಹಿತ್ತಾಳೆ ನಟ್ಟು ಉಕ್ಕಿನ ಸ್ಟಡ್ಡಿನ ಜೊತೆ ತುಕ್ಕು ಹಿಡಿದು ಒಂದಾಗುವುದಿಲ್ಲ. ಎಷ್ಟು ವರ್ಷವಾದರೂ ಸ್ಪ್ಯಾನರ್ ಹಿಡಿದರೆ ಬರುತ್ತದೆ. ಅದರ ಕೆಲಸ ಇಷ್ಟೇ.

ಹಾಗಾದರೆ ತುಕ್ಕೇ ಹಿಡಿಯದ ಸ್ಟೇನ್‌ಲೆಸ್ ಯಾಕಾಗಬಾರದು? ಇದಕ್ಕೆ ಉತ್ತರ ಹೇಳುವ ಮೊದಲು ಮ್ಯಾನಿಫೋಲ್ಡ್ ಅಲುಗಾಡದೆ ಕೂತಿರುತ್ತದೆ ಎಂಬ ಭ್ರಮೆ ಬಿಡಬೇಕು. ಬೀಡುಕಬ್ಬಿಣ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತದೆ. ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳನ್ನು ಸೆಕೆಂಡ್ ಗೇರಿನಲ್ಲಿ ಹತ್ತುವಾಗ 35 ಸೆಂಟಿಮೀಟರ್ ಉದ್ದದ ಮ್ಯಾನಿಫೋಲ್ಡ್ 400 ಡಿಗ್ರಿ ಏರಿತು ಅನ್ನಿ, ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ನೀರಿನಿಂದ ತಂಪಾಗುವ ಹೆಡ್ ಅದರ ಐದರಲ್ಲೊಂದು ಪಾಲೂ ಬೆಳೆಯುವುದಿಲ್ಲ. ಅಂದರೆ ಇವೆರಡರ ನಡುವೆ ಒಂದು ಮಿಲಿಮೀಟರಿಗೂ ಹೆಚ್ಚಿನ ಸರಿದಾಟ ಇದೆ. ಸ್ಟಡ್ಡಿಗಿಂತ ತೂತು ದೊಡ್ಡದಾಗಿರುವುದು ಎರಕದವನ ಬೇಜವಾಬ್ದಾರಿಯಿಂದಲ್ಲ, ಈ ಸರಿದಾಟಕ್ಕಾಗಿ. ನಟ್ಟು ಹಿಡಿದಿರಬೇಕು, ಆದರೆ ಸರಿಯಲು ಬಿಡಬೇಕು. ಕುತ್ತಿಗೆ ಹಿಸುಕಿದ ಹಾಗೆ ಬಿಗಿದರೆ ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ.

ಈಗ ಸ್ಟೇನ್‌ಲೆಸ್ ಸ್ಟಡ್ ತನ್ನಿ. ಅಂಗಡಿಯಲ್ಲಿ ಎಸ್‌ಎಸ್ ಎಂದು ಸಿಗುವ 304 ದರ್ಜೆಯ ಲೋಹ ಹಿಗ್ಗುವುದು ಹತ್ತು ಲಕ್ಷದಲ್ಲಿ ಸುಮಾರು 17 ಪಾಲು, ಬೀಡುಕಬ್ಬಿಣದ ಒಂದೂವರೆ ಪಟ್ಟು. ಸ್ಟಡ್ ಒತ್ತಿ ಹಿಡಿಯುವುದು ತಾನು ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲಿನಷ್ಟು ಹಿಗ್ಗಿ ನಿಂತಿರುವ ಬಲದಿಂದ ಮಾತ್ರ. ಕಾದಾಗ ಸ್ಟಡ್ಡೇ ಮ್ಯಾನಿಫೋಲ್ಡಿಗಿಂತ ಹೆಚ್ಚು ಉದ್ದವಾದರೆ ಆ ಹಿಡಿತ ಸಡಿಲುತ್ತದೆ. ಗ್ಯಾಸ್ಕೆಟ್ ಊದಿಹೋಗುತ್ತದೆ. ಮಾಲೀಕರು ಇನ್ನೂ ಬಿಗಿಯುತ್ತಾರೆ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒತ್ತಿ ತಿರುಗಿದಾಗ ಎರಡೂ ಕಚ್ಚಿಕೊಂಡು, ವೆಲ್ಡ್ ಮಾಡಿದಂತೆ ಅಂಟುವುದು ಆ ಲೋಹದ ಹುಟ್ಟುಗುಣ. ತುಕ್ಕಿಲ್ಲದೆಯೂ ಸ್ಟಡ್ ಮುರಿಯುವ ಭಾಗ್ಯ ಹೀಗೆ ಒದಗುತ್ತದೆ, ಅದೂ ಹೆಚ್ಚು ದುಡ್ಡು ಕೊಟ್ಟು.

ಟರ್ಬೊ ಎಂಜಿನ್ ಇಟ್ಟುಕೊಂಡವರು ಇದನ್ನು ಓದಿ ಹಿತ್ತಾಳೆ ಹುಡುಕಿ ಹೊರಡಬೇಡಿ. ಅಲ್ಲಿ ಬಿಸಿ ಬಹಳ ಹೆಚ್ಚು. ತಾಮ್ರದ ಲೇಪವಿರುವ ಉಕ್ಕಿನ ಲಾಕ್ ನಟ್ಟು ಅಲ್ಲಿಗೆ ಸರಿ. ಅರವತ್ತರ ದಶಕದ ಎಂಜಿನ್ನಿಗೆ ಅರವತ್ತರ ದಶಕದ ಎಂಜಿನಿಯರ್ ಹೇಳಿದ್ದನ್ನು ಹಾಕಿ ಅನ್ನುವುದಷ್ಟೇ ನನ್ನ ವಾದ.

ಮಿಕ್ಕ ನಂಬಿಕೆಗಳಿಗೆ ಇಷ್ಟು ಜಾಗ ಕೊಡುವ ತಾಳ್ಮೆ ಇಲ್ಲ. 5/16 ಇಂಚಿನ ಸ್ಟಡ್ಡಿಗೆ 8 ಎಂಎಂ ನಟ್ಟು "ಹೆಚ್ಚು ಕಡಿಮೆ ಒಂದೇ" ಅನ್ನುತ್ತಾರೆ: ದಪ್ಪ ಹೆಚ್ಚು ಕಡಿಮೆ ಒಂದೇ, ಥ್ರೆಡ್ಡಿನ ಅಂತರ ಬೇರೆ, ಒಂದೆರಡು ಸುತ್ತು ಹೋಗಿ ಸಿಕ್ಕಿಕೊಂಡಾಗ ಗೊತ್ತಾಗುತ್ತದೆ. ನೈಲಾಕ್ ನಟ್ಟು ಹಾಕುವವರಿಗೆ ಅದರೊಳಗಿರುವುದು ಪ್ಲಾಸ್ಟಿಕ್ ಎಂದು ಯಾರಾದರೂ ಹೇಳಬೇಕು. ನೀಲಿ ಥ್ರೆಡ್‌ಲಾಕರಿನ ಅಂಟು ಸುಮಾರು 150 ಡಿಗ್ರಿಗೇ ಕೈಕೊಡುತ್ತದೆ. ಮಾಮೂಲಿ ಗ್ರೀಸ್ ಅಲ್ಲಿ ಉರಿದು ಮಸಿಯಾಗುತ್ತದೆ. ಬೇಕಾದ್ದು ತಾಮ್ರ ಬೆರೆಸಿದ ಪೇಸ್ಟು, ಅದನ್ನು ಹಚ್ಚಿದರೆ ಬಿಗಿಯನ್ನೂ ಸ್ವಲ್ಪ ಇಳಿಸಬೇಕು. ಮ್ಯಾನಿಫೋಲ್ಡಿಗೆ ಸುತ್ತುವ ಹೀಟ್ ಟೇಪ್ ಮಲೆನಾಡಿನಲ್ಲಿ ಒದ್ದೆ ಬಟ್ಟೆ ಕಟ್ಟಿದಂತೆ. ಹಳೇ ಗ್ಯಾಸ್ಕೆಟ್ ಕೆರೆದು ಬಾಯಲ್ಲಿ ಊದುವವರೇ, ಅದರಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಒದ್ದೆ ಮಾಡಿ ಕೆರೆಯಿರಿ. ಮಂಜೂರಿನಿಂದ ಗೆದ್ದೆ ಕಡೆ ಇಳಿಯುವಾಗ ಸೈಲೆನ್ಸರಿನಲ್ಲಿ ಪಟಪಟ ಅನ್ನುವುದನ್ನು "ಸ್ಪೋರ್ಟ್ಸ್ ಕಾರಿನ ಸೌಂಡು" ಎಂದು ಎದೆಯುಬ್ಬಿಸುವವರು ಒಮ್ಮೆ ಗ್ಯಾಸ್ಕೆಟ್ ನೋಡಲಿ, ಸೋರುವ ಸಂದಿನಿಂದ ಗಾಳಿ ನುಗ್ಗಿದರೂ ಅದೇ ಸದ್ದು. ತಣ್ಣನೆ ಎಂಜಿನ್ ಟಿಕ್ ಟಿಕ್ ಅಂದು ಕಾದ ಮೇಲೆ ಸುಮ್ಮನಾದರೆ ಅದು "ಸರಿಹೋದದ್ದಲ್ಲ", ಲೋಹ ಹಿಗ್ಗಿ ಸಂದು ಮುಚ್ಚಿದ್ದು. "ಸೋರಿದರೆ ವಾಸನೆ ಬರುತ್ತಲ್ಲ" ಅನ್ನುವವರಿಗೆ ಮಾತ್ರ ಗಂಭೀರವಾಗಿ ಹೇಳುತ್ತೇನೆ: ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಡಿಸೆಂಬರಿನ ಚಳಿಗೆ ಗಾಜು ಏರಿಸಿಕೊಂಡು ಹೋಗುವ ಊರಿನಲ್ಲಿ ಇದು ಜೀವದ ಮಾತು.

ಈ ನಂಬಿಕೆಗಳೆಲ್ಲ ಹುಟ್ಟುವುದು ಒಂದೇ ಬೇರಿನಿಂದ. ಗಟ್ಟಿಯಾದದ್ದೆಲ್ಲ ಒಳ್ಳೆಯದು, ಹೊಳೆಯುವುದೆಲ್ಲ ಉತ್ತಮ, ದುಬಾರಿಯಾದದ್ದು ಇನ್ನೂ ಉತ್ತಮ. ಬಿಗಿಯುವುದೇ ಕೆಲಸ, ಬಿಡುವು ಬಿಡುವುದು ಸೋಮಾರಿತನ. ಎಂಜಿಬಿಯ ವರ್ಕ್‌ಶಾಪ್ ಮ್ಯಾನುಯಲ್ ಮೊಬೈಲಿನಲ್ಲೇ ಇರುತ್ತದೆ, ತೆರೆದು ಓದುವವರಿಲ್ಲ. ಯಾವುದೋ ದೇಶದ ಯಾರೋ ಹಿನ್ನೆಲೆ ಸಂಗೀತ ಹಾಕಿ ಹೊಳೆಯುವ ನಟ್ಟು ಬಿಗಿದರೆ ಅದು ಪ್ರಮಾಣ. ಅಂಬಾಸಡರ್ ಕೆಳಗೆ ಮಲಗಿ ಆಯುಸ್ಸು ಕಳೆದ ಮೇಸ್ತ್ರಿ "ಬೇಡ ಸಾರ್, ಹಿತ್ತಾಳೇನೇ ಇರಲಿ" ಅಂದರೆ ಅವನಿಗೆ ಹೊಸದು ಗೊತ್ತಿಲ್ಲ! ಜ್ವರಕ್ಕೆ ಫಾರ್ವರ್ಡ್ ಮೆಸೇಜು ನೋಡಿ ಕಷಾಯ ಕುದಿಸುವ ನಾವು ಕಾರಿಗೆ ಮಾತ್ರ ಬೇರೆ ಬುದ್ಧಿ ತೋರಿಸುತ್ತೇವೆಯೇ?

ಜೋಡಿಸುವವರಿಗೆ ಉಪಯೋಗಕ್ಕೆ ಬರುವ ಮಾತು ಹೇಳಿ ಮುಗಿಸುತ್ತೇನೆ. ಸ್ಟಡ್ಡಿನ ದಪ್ಪ ಥ್ರೆಡ್ ಹೆಡ್ಡಿಗೆ, ಸಣ್ಣ ಥ್ರೆಡ್ ನಟ್ಟಿಗೆ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡನ್ನೂ ಒಟ್ಟಿಗೆ ಒತ್ತುವ ದಪ್ಪ ವಾಷರನ್ನು ಕಳೆಯಬೇಡಿ. ಅದರಡಿ ಕೂರುವ ಎರಡೂ ಮ್ಯಾನಿಫೋಲ್ಡುಗಳ ಕಿವಿಗಳ ದಪ್ಪ ಸಮ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ವಾಷರ್ ವಾಲಿ ಒಂದೇ ಕಡೆ ಒತ್ತುತ್ತದೆ. ನಡುವಿನಿಂದ ಶುರುಮಾಡಿ ಹೊರಗಿನ ಕಡೆಗೆ ಬಿಗಿಯಿರಿ. ಒಮ್ಮೆ ಕಾಯಿಸಿ, ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ. ಬಿಸಿ ಇರುವಾಗ ಸ್ಪ್ಯಾನರ್ ಹಚ್ಚಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಕೊಯಮತ್ತೂರಿನಲ್ಲೋ ನಟ್ಟು ಕೊಳ್ಳಲು ಹೋದಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಳ್ಳಿ. ಹಳದಿ ಲೇಪದ ಕಬ್ಬಿಣದ ನಟ್ಟು ಹಿತ್ತಾಳೆಯಂತೆಯೇ ಕಾಣುತ್ತದೆ. ಮ್ಯಾಗ್ನೆಟ್ಟಿಗೆ ಅಂಟಿದರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ.